ಹಳೆಯ ಲೈಟ್‌ಹೌಸಿಗೆ ಸಿಮೆಂಟ್ ಯಾಕೆ ಬೇಡ?

ಬೀದರ್, ಕಲಬುರಗಿ ಕಡೆಯ ನಮಗೆ ಲೈಟ್‌ಹೌಸ್ ಅಂದರೆ ಪುಸ್ತಕದ ಚಿತ್ರ ಅಷ್ಟೇ. ಆದರೂ ಹಳೆಯ ಲೈಟ್‌ಹೌಸ್ ದುರಸ್ತಿಯ ಈ ಪಾಠ ಕಷ್ಟ ಅಲ್ಲ. ಬೀದರ್ ಪೇಟೆಯ ನಡುವೆ ಚೌಬಾರಾ ಇದೆಯಲ್ಲ, ಸುಮಾರು 71 ಅಡಿಯ ದುಂಡನೆಯ ಕಾವಲು ಗೋಪುರ, ಅದನ್ನೇ ಸಮುದ್ರದ ದಂಡೆಯಲ್ಲಿ ಊಹಿಸಿಕೊಳ್ಳಿ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಕೂಡ ಒಂದು ದುಂಡು ಗೋಪುರವೇ. ಜಾಸ್ತಿ ಇರುವುದು ಎರಡು: ತುದಿಯಲ್ಲಿ ದೀಪ, ಸುತ್ತಲೂ ಉಪ್ಪುಗಾಳಿ.

ಮುಖ್ಯವಾಗಿ ಓದಬೇಕಾದದ್ದು ಉಪ್ಪಿನ ಕಥೆ. ಉಪ್ಪು ತೇವದ ಜೊತೆ ಗೋಡೆಯೊಳಗೆ ಹೋಗುತ್ತದೆ. ನೀರು ಆರಿದಾಗ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಕಲ್ಲಿನ ಸಣ್ಣ ತೂತುಗಳನ್ನು ಒಳಗಿನಿಂದಲೇ ಒಡೆಯುತ್ತದೆ. ಕಲ್ಲುಗಳ ಸಂದಿಗೆ ತುಂಬಿದ ಹಳೆಯ ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ. ತೇವ ಆ ಸಂದುಗಳಿಂದ ಆರುತ್ತದೆ, ಉಪ್ಪೂ ಅಲ್ಲೇ ಸೇರುತ್ತದೆ, ಸವೆಯುವುದು ಗಾರೆ ಮಾತ್ರ. ಗೌಂಡಿ ಅದನ್ನು ಕೆರೆದು ಹೊಸ ಗಾರೆ ತುಂಬಿದರೆ ಆಯಿತು. ಅದೇ ಸಂದಿಗೆ ಸಿಮೆಂಟ್ ಮೆತ್ತಿದರೆ? ಸಂದು ಗಟ್ಟಿ ಉಳಿಯುತ್ತದೆ, ತೇವ ಕಲ್ಲಿನ ಮೈಯಿಂದ ಹೊರಬರುತ್ತದೆ, ಕಲ್ಲು ಪುಡಿಯಾಗುತ್ತದೆ. ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೂ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಣ್ಣದ ತಿಳಿ ಬಳಿಯುವುದೇ ಸರಿ.

"ಗಟ್ಟಿ ಇದ್ದಷ್ಟೂ ಒಳ್ಳೇದು" ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ವಾಡಿ, ಸೇಡಂ ಕಡೆ ಅಷ್ಟೊಂದು ಸಿಮೆಂಟ್ ಫ್ಯಾಕ್ಟರಿ ಇಟ್ಟುಕೊಂಡು ಇನ್ನೇನಾಗುತ್ತೆ! ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣ. ಅದಕ್ಕೆ ಜೇಡಿ ಸೇರಿಸಿ ಸುಮಾರು 1450 ಡಿಗ್ರಿಗೆ ಸುಟ್ಟರೆ ಸಿಮೆಂಟಿನ ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ.

ಅಲೆ ಬಡಿಯುವ ಕಡೆ ಸುಣ್ಣ ನಿಲ್ಲುತ್ತದಾ? ಸಾದಾ ಸುಣ್ಣ ನಿಲ್ಲಲ್ಲ. ಅದು ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ನೀರಿನಡಿ ಆ ಗಾಳಿ ಸಿಗಲ್ಲ. ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಮೇಲೆ ಲೈಟ್‌ಹೌಸ್ ಕಟ್ಟುವಾಗ ಇಂಜಿನಿಯರ್ ಜಾನ್ ಸ್ಮೀಟನ್ ಇದಕ್ಕೆ ದಾರಿ ಹುಡುಕಿದ. ಜೇಡಿ ಬೆರೆತ ಸುಣ್ಣದ ಕಲ್ಲಿನಿಂದ ಬಂದ ಸುಣ್ಣ ನೀರಲ್ಲೂ ಗಟ್ಟಿಯಾಗುತ್ತದೆ ಅಂತ ಕಂಡುಕೊಂಡ. 1759ರಲ್ಲಿ ಅಲ್ಲಿ ದೀಪ ಹತ್ತಿತು. ನೂರು ವರ್ಷದ ಮೇಲೆ ಸವೆದದ್ದು ಕೆಳಗಿನ ಬಂಡೆ, ಗೋಪುರ ಅಲ್ಲ! 1882ರಲ್ಲಿ ಪಕ್ಕದಲ್ಲೇ ಹೊಸ ಲೈಟ್‌ಹೌಸ್ ಶುರುವಾಯಿತು. ಹಳೆಯದರ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್ ಊರಿನಲ್ಲಿ ಮತ್ತೆ ಕಟ್ಟಿದರು.

ಗೋಡೆಯೊಳಗಿನ ಕಬ್ಬಿಣಕ್ಕೆ ಒಂದೇ ಮಾತು ಸಾಕು. ತುಕ್ಕು ಹಿಡಿದರೆ ಉಬ್ಬುತ್ತದೆ, ಸುತ್ತಲಿನ ಕಲ್ಲನ್ನು ಸೀಳುತ್ತದೆ.

ಇನ್ನು ಫ್ರೆನೆಲ್ ಲೆನ್ಸ್, ಅಂದರೆ ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಕಳಿಸುವ ಗಾಜಿನ ಜೋಡಣೆ. ಹಿತ್ತಾಳೆ ಚೌಕಟ್ಟಿನಲ್ಲಿ ಗಾಜಿನ ಪಟ್ಟಕಗಳನ್ನು ಪುಟ್ಟಿ ಹಾಕಿ ಕೂರಿಸಿರುತ್ತಾರೆ. ಪುಟ್ಟಿ ಒಣಗಿ ಉದುರಿದರೆ ಗಾಜು ಸಡಿಲವಾಗುತ್ತದೆ. ಕೆಲವು ಕಡೆ ಭಾರಿ ಲೆನ್ಸು ಪಾದರಸದ ಮೇಲೆ ತೇಲುತ್ತಾ ತಿರುಗುತ್ತಿತ್ತು. ಅದರ ಆವಿ ವಿಷ. ಹಾಗಾಗಿ ಅಂಥ ಕೋಣೆಗೆ ಸುಮ್ನೆ ಪೊರಕೆ ಹಿಡಿದು ನುಗ್ಗಬಾರದು, ಮೊದಲು ತಿಳಿದವರು ಪಾದರಸ ತೆಗೆಯಬೇಕು. ಹಗಲಲ್ಲಿ ಇನ್ನೊಂದು ಅಪಾಯ. ಬಿಸಿಲು ಹೊರಗಿನಿಂದ ಲೆನ್ಸ್ ಮೂಲಕ ಬಂದು ಒಂದೇ ಕಡೆ ಸೇರಿದರೆ ಬೆಂಕಿ ಹತ್ತಬಹುದು. ಅದಕ್ಕೇ ಕಾವಲುಗಾರರು ಹಗಲು ಪರದೆ ಎಳೆಯುತ್ತಿದ್ದರು. ದೀಪ ನಿಂತು, ಲೆನ್ಸ್ ಮಾತ್ರ ಉಳಿದ ಕಡೆಯೂ ಆ ಪರದೆ ಬೇಕೇ ಬೇಕು.