ಪದ ಪರಿಚಯ: ಪ್ರವಾಹ ಮೈದಾನ

ನೆರೆ ಬಂದಾಗ ನದಿ ದಡ ಮೀರಿ ಹರಡಿಕೊಳ್ಳುವ, ನೆರೆ ಇಳಿದಾಗ ಹೂಳು ಬಿಟ್ಟುಹೋಗುವ ಸಮತಟ್ಟಾದ ನೆಲವೇ ಪ್ರವಾಹ ಮೈದಾನ. ಉಕ್ಕಿದ ನೀರಿನ ರಭಸ ದಡ ದಾಟುತ್ತಲೇ ಕುಗ್ಗುವುದರಿಂದ ಮರಳು, ಒರಟು ಹೂಳು ಅಲ್ಲೇ ಕೂತು ನದಿಯ ಇಕ್ಕೆಲಗಳಲ್ಲಿ ಸಹಜವಾದ ಏರಿಗಳು ಬೆಳೆಯುತ್ತವೆ. ನುಣುಪಾದ ಜೇಡಿಮಣ್ಣು ದೂರದ ತಗ್ಗುಗಳನ್ನು ಸೇರುತ್ತದೆ.

ನದಿ ಇದ್ದಲ್ಲಿ ನಾಗರಿಕತೆ ಹುಟ್ಟಿತು ಎಂದು ಪಾಠಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ನೆರೆ ಯಾವ ತಿಂಗಳಲ್ಲಿ ಬರುತ್ತಿತ್ತು ಎಂದು ಕೇಳದಿದ್ದರೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೈಲ್ ನದಿಯನ್ನೇ ನೋಡಿ. ಇಥಿಯೋಪಿಯದ ಎತ್ತರದ ನಾಡಿನಲ್ಲಿ ಸುರಿದ ಮಳೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಈಜಿಪ್ಟಿನಲ್ಲಿ ನೆರೆಯಾಗುತ್ತಿತ್ತು. ರೈತರು ತಗ್ಗುಗಳಿಗೆ ಒಡ್ಡು ಹಾಕಿ ಆ ನೀರನ್ನು ಕೆಲವು ವಾರ ನಿಲ್ಲಿಸಿ, ಮತ್ತೆ ನದಿಗೆ ಬಿಡುತ್ತಿದ್ದರು. ಹೀಗೆ ಇಳಿಯುವ ನೀರು ಮಣ್ಣಿನ ಉಪ್ಪನ್ನೂ ತೊಳೆದುಕೊಂಡು ಹೋಗುತ್ತಿತ್ತು. ಅಕ್ಟೋಬರ್–ನವೆಂಬರ್‌ನಲ್ಲಿ ಹಸಿ ಹೂಳಿನ ಮೇಲೆ ಗೋಧಿ, ಬಾರ್ಲಿ ಬಿತ್ತಿದರೆ ಮುಂದಿನ ನೆರೆಗೆ ಬಹಳ ಮೊದಲೇ ಕೊಯ್ಲು ಮುಗಿಯುತ್ತಿತ್ತು. ಅವರ ವರ್ಷಕ್ಕಿದ್ದ ಮೂರು ಋತುಗಳೂ ಇವೇ: ನೆರೆ, ಬೆಳೆ, ಸುಗ್ಗಿ. ನೆರೆ ಸೊರಗಿದ ವರ್ಷ ಹಸಿವು ಕಾಡುತ್ತಿದ್ದುದರಿಂದ ದೊರೆಗಳು ವರ್ಷ ವರ್ಷವೂ ನೀರಿನ ಮಟ್ಟವನ್ನು ಅಳೆಸಿ ಕಲ್ಲಿನಲ್ಲಿ ಬರೆಸಿದರು.

ಇಂದಿನ ಇರಾಕಿನಲ್ಲಿ ಹರಿಯುವ ಯೂಫ್ರಟೀಸ್–ಟೈಗ್ರಿಸ್ ನದಿಗಳ ಕಥೆ ಇದಕ್ಕೆ ತದ್ವಿರುದ್ಧ. ಅನಟೋಲಿಯದ (ಇಂದಿನ ಟರ್ಕಿಯ) ಬೆಟ್ಟಗಳ ಹಿಮ ಕರಗಿ ನೆರೆ ಬರುತ್ತಿದ್ದುದು ಏಪ್ರಿಲ್–ಮೇ ತಿಂಗಳಲ್ಲಿ, ಅಂದರೆ ಬಾರ್ಲಿ ತೆನೆ ಮಾಗಿ ನಿಂತಾಗ! ಬಿತ್ತನೆಗೆ ನೀರು ಬೇಕಾದ ಶರತ್ಕಾಲದಲ್ಲಿ ನದಿ ಬಡಕಲಾಗಿರುತ್ತಿತ್ತು. ಈ ನದಿಗಳ ಬಯಲಿನ ದಕ್ಷಿಣಕ್ಕಿದ್ದ ಪ್ರಾಚೀನ ನಾಡು ಸುಮೇರಿನಲ್ಲಿ ಮಳೆಯನ್ನೇ ನಂಬಿ ಬೇಸಾಯ ಮಾಡುವಂತಿರಲಿಲ್ಲ. ಆದರೆ ಹೂಳು ತುಂಬಿ ತುಂಬಿ ನದಿ ಸುತ್ತಲಿನ ಬಯಲಿಗಿಂತ ಎತ್ತರದಲ್ಲಿ ಹರಿಯುತ್ತಿದ್ದುದರಿಂದ ಏರಿಯನ್ನು ಕಡಿದರೆ ಸಾಕು, ನೀರು ತಾನಾಗಿ ಹೊಲಕ್ಕೆ ಇಳಿಯುತ್ತಿತ್ತು. ಅದೇ ಏರಿ ವಸಂತದಲ್ಲಿ ಒಡೆದರೆ ವರ್ಷದ ದುಡಿಮೆ ನೀರುಪಾಲು. ಕಾಲುವೆ ತೋಡುವುದು, ಹೂಳೆತ್ತುವುದು, ಒಡ್ಡು ಕಾಯುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ, ಊರೂರೇ ಕೂಡಬೇಕು. ಕೂಡಿದವರು ಜಗಳವನ್ನೂ ಆಡಿದರು: ಕ್ರಿ.ಪೂ. 2450ರ ಆಸುಪಾಸಿನಲ್ಲಿ ಸುಮೇರಿನ ಲಗಾಶ್ ಮತ್ತು ಉಮ್ಮಾ ನಗರಗಳು ಗಡಿಯ ಹೊಲ, ಕಾಲುವೆಗಳಿಗಾಗಿ ಯುದ್ಧಕ್ಕಿಳಿದವು. ಮುಂದೆ ಬಂದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನಿನಲ್ಲಿ, ಒಡ್ಡನ್ನು ಸರಿಯಾಗಿ ನೋಡಿಕೊಳ್ಳದೆ ಇತರರ ಹೊಲ ಮುಳುಗಿಸಿದವನು ಹಾಳಾದ ಧಾನ್ಯವನ್ನು ಕಟ್ಟಿಕೊಡಬೇಕಿತ್ತು.

ಹೊಲಕ್ಕೆ ಇಳಿದ ನೀರು ಬಸಿದುಹೋಗಲು ಅಲ್ಲಿ ಜಾಗವಿರಲಿಲ್ಲ. ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪು ನೆಲದ ಮೇಲೆ ಉಳಿಯುತ್ತಿತ್ತು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ನಮ್ಮ ರೈತರು ಸವಳು–ಜವಳು ಎಂದು ಕರೆಯುವ ಸಂಕಟವೇ ಇದು. ಗೋಧಿಗಿಂತ ಬಾರ್ಲಿ ಉಪ್ಪನ್ನು ಹೆಚ್ಚು ತಾಳಿಕೊಳ್ಳುತ್ತದೆ; ಸುಮೇರಿನ ಲೆಕ್ಕದ ಜೇಡಿಫಲಕಗಳಲ್ಲಿ ಬಾರ್ಲಿಯದೇ ಮೇಲುಗೈ.

1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಪೂರ್ಣಗೊಂಡ ಮೇಲೆ ಈಜಿಪ್ಟಿನ ಹೊಲಗಳಿಗೆ ನೆರೆ ಬರುವುದಿಲ್ಲ. ಹೂಳು ಅಣೆಕಟ್ಟಿನ ಹಿಂದೆಯೇ ನಿಲ್ಲುತ್ತದೆ, ರೈತರು ರಸಗೊಬ್ಬರ ಕೊಳ್ಳುತ್ತಾರೆ. ಉಪ್ಪನ್ನು ತೊಳೆಯುವ ನೆರೆಯಿಲ್ಲದೆ, ಅಲ್ಲಿಯೂ ಈಗ ನೆಲದಡಿ ಬಸಿ ಕೊಳವೆಗಳನ್ನು ಹೂಳಬೇಕಾಗಿದೆ.