ಸಮೀಕ್ಷೆ ಬೇರೆ, ಮೋಜಣಿ ಬೇರೆ

ಉತ್ತರ ಧ್ರುವದ ಹತ್ರ ಇರೋ ಸ್ಪಿಟ್ಸ್‌ಬರ್ಗೆನ್ ದ್ವೀಪಗಳಲ್ಲಿ 1899ರಿಂದ 1902ರವರೆಗೆ ಸ್ವೀಡನ್ನಿನವರೂ ರಷ್ಯಾದವರೂ ಸೇರಿ ಮಾಡಿದ ಕೆಲಸಕ್ಕೆ ಮೊನ್ನೆ ಮತ್ತೆ ಯಾರೋ "ಧ್ರುವ ಪ್ರದೇಶದ ವೈಜ್ಞಾನಿಕ ಸಮೀಕ್ಷೆ" ಅಂತ ಬರೆದಿದ್ರು. ಎಷ್ಟನೇ ಸಲ ಓದ್ತಿದೀನೋ ಗೊತ್ತಿಲ್ಲ. ಸಮೀಕ್ಷೆ ಅಂದ ಕೂಡ್ಲೇ ಕನ್ನಡ ಓದೋರ ಕಣ್ಣಿಗೆ ಬರೋದು ಜಾತಿ ಸಮೀಕ್ಷೆ, ಮತಗಟ್ಟೆ ಸಮೀಕ್ಷೆ, ಫಾರ್ಮ್ ಹಿಡ್ಕೊಂಡು ಮನೆ ಬಾಗಿಲಿಗೆ ಬರೋ ಮೇಷ್ಟ್ರು. ಆ ದ್ವೀಪದಲ್ಲಿ ಯಾರನ್ನ ಕೇಳ್ತಾರೆ, ಏನಂತ ಕೇಳ್ತಾರೆ? ಅಲ್ಲಿಗೆ ಹೋದೋರು ನೋಡೋಕೆ ಹೋಗಿದ್ದಲ್ಲ, ಅಳೆಯೋಕೆ ಹೋಗಿದ್ದು, ಅದೂ ದ್ವೀಪವನ್ನಲ್ಲ, ಇಡೀ ಭೂಮಿಯ ಆಕಾರವನ್ನ.

ಗೊಂದಲದ ಬೇರು ಇಂಗ್ಲಿಷಿನ ಸರ್ವೆ ಅನ್ನೋ ಪದದಲ್ಲೇ ಇದೆ. ಅದು ಹಳೇ ಫ್ರೆಂಚ್ ಮೂಲಕ ಲ್ಯಾಟಿನ್ನಿಂದ ಬಂದಿದ್ದು, 'ಸೂಪರ್' ಅಂದ್ರೆ ಮೇಲೆ, 'ವಿದೇರೆ' ಅಂದ್ರೆ ನೋಡು, ಮೇಲಿಂದ ಕಣ್ಣಾಡಿಸೋದು ಅಂತ ಅರ್ಥ, ಸೂಪರ್‌ವೈಸರ್ ಅನ್ನೋದೂ ಇದೇ ಮನೆಯ ಕೂಸು. ನಮ್ಮ ಸಮೀಕ್ಷೆಯಲ್ಲಿರೋದು ಸಂಸ್ಕೃತದ 'ಈಕ್ಷ್', ಅದೂ ನೋಡೋದೇ. ಪರೀಕ್ಷೆ ಅಂದ್ರೆ ಸುತ್ತ ನೋಡೋದು, ನಿರೀಕ್ಷೆ ಅಂದ್ರೆ ದಾರಿ ನೋಡೋದು, ಉಪೇಕ್ಷೆ ಅಂದ್ರೆ ನೋಡಿಯೂ ಬಿಡೋದು, ಸಮೀಕ್ಷೆ ಅಂದ್ರೆ ಚೆನ್ನಾಗಿ ನೋಡೋದು. ಹಾಗಾಗಿ ಮೇಲ್ನೋಟಕ್ಕೆ ಅನುವಾದ ಸರಿಯಾಗೇ ಕಾಣತ್ತೆ. ಆದ್ರೆ ಇಂಗ್ಲಿಷಿನಲ್ಲಿ ಸರ್ವೆ ಅನ್ನೋದು ನೋಡೋದ್ರಿಂದ ಮುಂದೆ ಹೋಗಿ ನೆಲ ಅಳೆಯೋ ಕಸುಬಿನ ಹೆಸರೂ ಆಯ್ತು, ನಮ್ಮ ಸಮೀಕ್ಷೆ ಆಗ್ಲಿಲ್ಲ. ಆಗಬೇಕಾಗೂ ಇರ್ಲಿಲ್ಲ, ಯಾಕಂದ್ರೆ ಆ ಕೆಲಸಕ್ಕೆ ನಮ್ಮ ಹತ್ರ ಮೊದಲೇ ಮೋಜಣಿ ಇತ್ತು.

ಮೋಜಣಿ ಮರಾಠಿಯಿಂದ ಬಂದಿದ್ದು, ಅಲ್ಲಿ 'ಮೋಜಣೆ' ಅಂದ್ರೆ ಅಳೆಯೋದು. ಮೋಜು ಮಸ್ತಿಯ ಮೋಜಿಗೂ ಇದಕ್ಕೂ ಸಂಬಂಧ ಇಲ್ಲ, ಆ ಮೋಜು ಪಾರ್ಸಿ ಅರಬ್ಬಿಯ 'ಮೌಜ್'ನಿಂದ ಬಂದಿದ್ದು, ಅಂದ್ರೆ ಅಲೆ. ಜಮೀನಿನ ಕಾಗದಪತ್ರ ಕೈಯಲ್ಲಿ ಹಿಡಿದೋರಿಗೆ ಮೋಜಣಿ ಹೊಸ ಪದ ಏನಲ್ಲ. 33 ಅಡಿ ಸರಪಣಿ ಎಳೆದು, ಅದರ ಹದಿನಾರು ಆಣೆ ಭಾಗಗಳನ್ನ ಎಣಿಸಿ, ಬಾಂದುಕಲ್ಲಿಂದ ಬಾಂದುಕಲ್ಲಿಗೆ ಅಳತೆ ಬರ್ಕೊಳ್ಳೋದು ಮೋಜಣಿ. ಒಂದು ಸರಪಣಿ ಉದ್ದ ಒಂದು ಸರಪಣಿ ಅಗಲ ಆದ್ರೆ ಒಂದು ಗುಂಟೆ, ಅಂಥ 40 ಸೇರಿದ್ರೆ ಎಕರೆ. ಅಲ್ಲಿ ಯಾರ ಅಭಿಪ್ರಾಯಕ್ಕೂ ಜಾಗ ಇಲ್ಲ.

ಇನ್ನು ಸರ್ವೆಗೆ ಬಳಸೋ ಇನ್ನೊಂದು ಪದ, ಸರ್ವೇಕ್ಷಣ. ಸರ್ವ ಜೊತೆಗೆ ಈಕ್ಷಣ, ಸಂಧಿ ಸರಿಯಾಗಿದೆ, ಕಿವಿಗೂ ಸರ್ವೆ ಥರಾನೇ ಕೇಳಿಸತ್ತೆ, ಅದಕ್ಕೇ ಗೆದ್ದುಬಿಡ್ತು. ಪುರಾತತ್ವ ಇಲಾಖೆಗೆ ಒಪ್ಪತ್ತೆ, ಭೂವಿಜ್ಞಾನದವರಿಗೂ ಒಪ್ಪತ್ತೆ, ಅವರ ಕೆಲಸದಲ್ಲಿ ನೋಡೋದು ಹುಡುಕೋದು ಪಟ್ಟಿ ಮಾಡೋದು ದೊಡ್ಡ ಪಾಲು. ಸ್ಪಿಟ್ಸ್‌ಬರ್ಗೆನ್ ಕೆಲಸಕ್ಕೆ ಅದೂ ಒಪ್ಪಲ್ಲ.

ಯಾಕೆ ಅಂತ ಹೇಳ್ಬೇಕಂದ್ರೆ ಅಲ್ಲಿ ನಡೆದಿದ್ದೇನು ಅಂತ ನೋಡ್ಬೇಕು. ಭೂಮಿ ತಿರುಗ್ತಿರೋದ್ರಿಂದ ನಡು ಉಬ್ಬಿ ಧ್ರುವದ ಹತ್ರ ಚಪ್ಪಟೆ ಆಗಿರಬೇಕು ಅಂತ ನ್ಯೂಟನ್ ಹೇಳಿದ್ದ, ಫ್ರಾನ್ಸಿನ ಖಗೋಳಜ್ಞರಾದ ಕ್ಯಾಸಿನಿ ಮನೆತನದವರು ಇಲ್ಲ, ಧ್ರುವದ ಕಡೆಗೇ ಉದ್ದ ಅಂದ್ರು. ನ್ಯೂಟನ್ ಸರಿ ಇದ್ರೆ ಉತ್ತರಕ್ಕೆ ಹೋದಷ್ಟೂ ಒಂದು ಡಿಗ್ರಿ ಅಕ್ಷಾಂಶಕ್ಕೆ ನೆಲದ ಮೇಲಿನ ದೂರ ಜಾಸ್ತಿ ಆಗ್ಬೇಕು. ಇದನ್ನ ತೀರ್ಮಾನ ಮಾಡೋಕೆ ಫ್ರೆಂಚರು 1735ರಲ್ಲಿ ಸಮಭಾಜಕದ ಹತ್ರ ಅಳೆಯೋಕೆ ಆಗಿನ ಪೆರುವಿಗೆ ಒಂದು ತಂಡ, 1736ರಲ್ಲಿ ಉತ್ತರ ಯುರೋಪಿನ ಲ್ಯಾಪ್‌ಲ್ಯಾಂಡಿಗೆ ಗಣಿತಜ್ಞ ಮೋಪರ್‌ಟುವಿ ಕೈಕೆಳಗೆ ಇನ್ನೊಂದು ತಂಡ ಕಳಿಸಿದ್ರು, ನ್ಯೂಟನ್ ಗೆದ್ದ. ಸಮಭಾಜಕದ ಹತ್ರ ಒಂದು ಡಿಗ್ರಿ ಸುಮಾರು 110.6 ಕಿಲೋಮೀಟರ್, ಧ್ರುವದ ಹತ್ರ 111.7. ವ್ಯತ್ಯಾಸ ಒಂದು ಕಿಲೋಮೀಟರ್ ಚಿಲ್ಲರೆ, ಅಷ್ಟೇ. ಚಪ್ಪಟೆ ಅಂತೇನೋ ಗೊತ್ತಾಯ್ತು, ಎಷ್ಟು ಚಪ್ಪಟೆ ಅನ್ನೋದು ನಿಖರವಾಗಿ ಬೇಕು ಅಂದ್ರೆ ಧ್ರುವಕ್ಕೆ ಆದಷ್ಟು ಹತ್ತಿರ ಹೋಗಿ ಅಳೀಬೇಕು. 1823ರಲ್ಲಿ ಸ್ಪಿಟ್ಸ್‌ಬರ್ಗೆನ್ನಿಗೆ ಹೋಗಿ ಭೂಮಿಯ ಸೆಳೆತ ತಿಳಿಯೋ ಲೋಲಕದ ಪ್ರಯೋಗ ಮಾಡಿ ಬಂದ ಬ್ರಿಟಿಷ್ ವಿಜ್ಞಾನಿ ಎಡ್ವರ್ಡ್ ಸಬೀನ್ ಅಲ್ಲೇ ಅಳೀಬಹುದು ಅಂತ ಸೂಚಿಸಿದ, ಕೆಲಸ ಶುರುವಾಗೋಕೆ ಮುಕ್ಕಾಲು ಶತಮಾನ ಹಿಡೀತು.

ಅಳೆದ ಗೆರೆ ದಕ್ಷಿಣದ ಕೈಲ್‌ಹಾವ್ ಬೆಟ್ಟದಿಂದ ಉತ್ತರ ತುದಿಯ ಪುಟ್ಟ ಟೇಬಲ್ ದ್ವೀಪದವರೆಗೆ, ನಾಲ್ಕು ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಹೆಚ್ಚುಕಮ್ಮಿ 460 ಕಿಲೋಮೀಟರ್. ದಕ್ಷಿಣ ಭಾಗ ರಷ್ಯಾದವರದು, ಉತ್ತರ ಭಾಗ ಸ್ವೀಡನ್ನಿನವರದು. ಎರಡೂ ತಂಡ 1899ರ ಚಳಿಗಾಲ ಅಲ್ಲೇ ಕಳೆದ್ವು, ರಷ್ಯಾದವರು ಹಾರ್ನ್‌ಸುಂಡಿನಲ್ಲಿ, ಸ್ವೀಡನ್ನಿನವರು ಟ್ರೂರೆನ್‌ಬರ್ಗ್ ಕೊಲ್ಲಿಯಲ್ಲಿ. ಅವರ ಪಾಡು ಯೋಚನೆ ಮಾಡಿ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕತ್ತಲು, ನಕ್ಷತ್ರ ಕಾಣ್ಸಿದ್ರೂ ದೂರದ ಬೆಟ್ಟ ಕಾಣಲ್ಲ, ಬೇಸಿಗೆಯಲ್ಲಿ ಸೂರ್ಯ ಮುಳುಗೋದೇ ಇಲ್ಲ, ಬೆಟ್ಟ ಕಾಣತ್ತೆ ಅನ್ನೋಷ್ಟರಲ್ಲಿ ಮಂಜು. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನ ಜೋಡಿಸ್ತಾ ಹೋಗೋ ಕೆಲಸ ಇದು, ಬೆಟ್ಟದ ತುದೀಲಿ ಗುರುತು ನಿಲ್ಲಿಸಿ, ಕೋನ ಅಳೆಯೋ ಥಿಯೋಡೊಲೈಟ್ ಹೊತ್ಕೊಂಡು ಮುಂದಿನ ಬೆಟ್ಟ ಹತ್ತಿ, ಹಿಂದಿನ ಗುರುತು ಕಾಣೋವರೆಗೂ ಕಾಯ್ಬೇಕು.

ಕೋನಗಳು ಎಷ್ಟೇ ಇದ್ರೂ ಒಂದು ಗೆರೆಯನ್ನಾದ್ರೂ ನೆಲದ ಮೇಲೆ ನಿಜವಾಗಿ ಅಳೀಬೇಕು, ಅದೇ ಆಧಾರರೇಖೆ, ಉಳಿದ ತ್ರಿಕೋನಗಳೆಲ್ಲ ಅದರ ಮೇಲೆ ನಿಂತಿರ್ತವೆ. ಸ್ವೀಡನ್ನಿನ ಎಡ್ವರ್ಡ್ ಯೆಡೆರಿನ್ ಇದಕ್ಕೆ ಸರಳುಗಳ ಬದಲು ತಂತಿ ಬಳಸೋ ವಿಧಾನ ಮಾಡಿದ್ದೋನು, ಎರಡು ಮುಕ್ಕಾಲಿಗಳ ನಡುವೆ ತಂತಿ ಹಿಡಿದು, ಗೊತ್ತಾದ ಬಲದಲ್ಲಿ ಬಿಗಿದು, ತುದಿಯ ಗೆರೆ ಓದೋದು. ಸಾದಾ ಉಕ್ಕಿನ 25 ಮೀಟರ್ ತಂತಿ ಹತ್ತು ಡಿಗ್ರಿ ಬಿಸಿ ಏರಿದ್ರೆ ಸುಮಾರು 3 ಮಿಲಿಮೀಟರ್ ಹಿಗ್ಗತ್ತೆ, ಅಷ್ಟು ಸಾಕು ಲೆಕ್ಕ ಕೆಡೋಕೆ. ಬಿಸಿಗೆ ಹೆಚ್ಚೂಕಮ್ಮಿ ಹಿಗ್ಗದೇ ಇರೋ ನಿಕ್ಕಲ್ ಉಕ್ಕು, ಇನ್ವಾರ್, 1896ರಲ್ಲಿ ವಿಜ್ಞಾನಿ ಗಿಯೋಮ್ ಕಂಡುಹಿಡಿದಿದ್ದು, ಅದರ ತಂತಿ ಈ ದ್ವೀಪಕ್ಕೆ ಹೋಯ್ತು. ಮಿಲಿಮೀಟರಿಗೆ ಇಷ್ಟು ಪಾಡುಪಟ್ಟ ಕೆಲಸವನ್ನ "ಚೆನ್ನಾಗಿ ನೋಡೋದು" ಅಂತ ಕರೆದ್ರೆ ಅವರ ಕೈಯಲ್ಲಿದ್ದ ತಂತಿಯನ್ನೇ ಕಿತ್ಕೊಂಡಂಗೆ.

ಮೋಜಣಿ ಅಂದ್ರೆ ಹೊಲದ ಕೆಲಸ, ಧ್ರುವಕ್ಕೆ ಒಗ್ಗಲ್ಲ ಅಂತ ವಾದ ಮಾಡೋರಿದ್ದಾರೆ. ಆಗ ಆ ದ್ವೀಪಗಳು ಯಾವ ದೇಶದ ಸ್ವತ್ತೂ ಆಗಿರ್ಲಿಲ್ಲ, ನಾರ್ವೆಗೆ ಅಂತ ಒಪ್ಪಂದ ಆಗಿದ್ದೇ 1920ರಲ್ಲಿ, ಹಾಗಾಗಿ ಸರ್ವೆ ನಂಬರ್, ಹದ್ದುಬಸ್ತು, ಪೋಡಿ ಯಾವುದೂ ಇಲ್ಲ ಅನ್ನೋದು ನಿಜ. ಆದ್ರೆ ಕೈಕೆಲಸ ಅದೇ ತಾನೆ? ಬ್ರಿಟಿಷ್ ಸೇನೆಯ ಅಧಿಕಾರಿ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ರ ಉಕ್ಕಿನ ಸರಪಣಿ ಹಾಸಿ ಆಧಾರರೇಖೆ ಅಳೆದಿದ್ದೂ ಕೊನೆಗೆ ಇದೇ ಪ್ರಶ್ನೆಯ ಕಡೆಗೇ ಹೋಯ್ತು, ಡಿಗ್ರಿಯ ಉದ್ದ ಎಷ್ಟು ಅಂತ. ಹಳ್ಳಿ ಪದ ಅಂತ ಮುಜುಗರ ಇದ್ರೆ ಭೂಮಾಪನ ಅಂತ ಬರೀರಿ, ನಮ್ಮ ರಾಜ್ಯದ ಭೂದಾಖಲೆ ಇಲಾಖೆಯ ಹೆಸರಲ್ಲೇ ಇದೆ. ಈ ಒಂದು ಜಾಗದಲ್ಲಂತೂ ಅದು ಅಕ್ಷರಶಃ ಸರಿ, ಅಲ್ಲಿ ಅಳೆದಿದ್ದು ಭೂಮಿಯನ್ನೇ. ಅಲ್ಲಿನ ಅತಿ ಎತ್ತರದ ಬೆಟ್ಟಕ್ಕೆ, 1713 ಮೀಟರಿನದು, ನ್ಯೂಟನ್ ಹೆಸರೇ ಇದೆ, 1900ರ ಆಗಸ್ಟಿನಲ್ಲಿ ಅದನ್ನ ಮೊದಲು ಹತ್ತಿದ ಹೆಲ್ಗೆ ಬಾಕ್‌ಲುಂಡ್ ಕೂಡ ಇದೇ ಮೋಜಣಿ ತಂಡದವನು.