ಹಗಲೆಲ್ಲ ಬಾಯಿ ಕಟ್ಟಿ, ಸಂಜೆ ಡಬ್ಬಿಗೆ ಕೈ: ತೂಕ ಇಳಿಯುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಕೊಡಗಿನ ಗೋಣಿಕೊಪ್ಪಲಿನಲ್ಲಿ ಕೆಲಸ, ಇಬ್ಬರು ಮಕ್ಕಳು. ಎತ್ತರ 157 ಸೆಂ.ಮೀ., ತೂಕ 71 ಕೆ.ಜಿ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬಾಯಿ ಕಟ್ಟಿಯೇ ಇರುತ್ತೇನೆ. ಸಂಜೆ ಮನೆಗೆ ಬಂದು ಮಕ್ಕಳಿಗೆ ತಿಂಡಿ ಕೊಡುವಷ್ಟರಲ್ಲಿ ಮಿಕ್ಸ್ಚರ್, ಬಿಸ್ಕತ್ತು, ಬೇಕರಿ ಪಫ್ಸ್ ಯಾವುದನ್ನೂ ಬಿಡುವುದಿಲ್ಲ. ಜಿಮ್‌ಗೆ ಹೋಗಲು ಸಮಯವಿಲ್ಲ. ಮನೆಯವರಿಗೊಂದು, ನನಗೊಂದು ಅಂತ ಎರಡು ಅಡುಗೆ ಮಾಡಲೂ ಆಗದು. ಏನು ಮಾಡಲಿ?

ಉತ್ತರ: ಸಂಜೆಯ ಮಾತು ಆಮೇಲೆ. ಮೊದಲು ಬೆಳಿಗ್ಗೆ ಏನು ತಿಂದಿರಿ ನೋಡಿಕೊಳ್ಳಿ. ಮಕ್ಕಳ ಟಿಫಿನ್ ಕಟ್ಟುತ್ತ ನಿಂತಲ್ಲೇ ಅರ್ಧ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಒಂದು ಲೋಟ ಕಾಫಿ. ಮಧ್ಯಾಹ್ನ ಎರಡು ಚಪಾತಿ, ಸೌತೆಕಾಯಿ. ಬಾಯಿ ಕಟ್ಟುವವರಲ್ಲಿ ಹೆಚ್ಚಿನವರ ಹಗಲು ಹೀಗೇ ಇರುತ್ತದೆ. ಲೆಕ್ಕ ಹಾಕಿದರೆ ಸಂಜೆ ನಾಲ್ಕರವರೆಗೆ 500 ಕ್ಯಾಲರಿಯೂ ದಾಟಿರುವುದಿಲ್ಲ, ಪ್ರೋಟೀನು 15 ಗ್ರಾಂ ಸಿಕ್ಕರೆ ಹೆಚ್ಚು. ಆ ಹೊತ್ತಿಗೆ ದೇಹ ಕೇಳುವುದು ಬೇಗ ಹೊಟ್ಟೆಗಿಳಿಯುವ ಎಣ್ಣೆ, ಸಕ್ಕರೆ, ಮೈದಾ. ಅದನ್ನು ಚಪಲ ಎಂದು ಬೈದುಕೊಂಡು ಮರುದಿನ ಇನ್ನೂ ಬಿಗಿಯಾಗಿ ಬಾಯಿ ಕಟ್ಟಿದರೆ ಮರುಸಂಜೆ ಇನ್ನೂ ಜೋರಾಗಿ ಬರುತ್ತದೆ. ಒಂದು ಎಗ್ ಪಫ್ಸ್ ಸುಮಾರು 250ರಿಂದ 300 ಕ್ಯಾಲರಿ. ಅದರ ಜೊತೆ ಒಂದು ಹಿಡಿ ಮಿಕ್ಸ್ಚರ್, ನಾಲ್ಕು ಬಿಸ್ಕತ್ತು ಸೇರಿದರೆ ಹಗಲಿಡೀ ಉಳಿಸಿದ್ದೆಲ್ಲ ಹದಿನೈದು ನಿಮಿಷದಲ್ಲಿ ಖರ್ಚು.

ಆದ್ದರಿಂದ ಬೆಳಿಗ್ಗೆ ಮತ್ತು ಮಧ್ಯಾಹ್ನ ಹೆಚ್ಚು ತಿನ್ನಿ. ತೂಕ ಇಳಿಸಲು ಹೊರಟವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಬೆಳಿಗ್ಗೆ ಎರಡು ಅಕ್ಕಿ ಒಟ್ಟಿಯ ಜೊತೆ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು ಸೇರಿಸಿ. ಮೊಟ್ಟೆಯಿಂದ 12 ಗ್ರಾಂ, 200 ಮಿ.ಲೀ. ಹಾಲಿನಿಂದ ಆರೇಳು ಗ್ರಾಂ ಪ್ರೋಟೀನು ಬಂತು. ಮೊಟ್ಟೆ ತಿನ್ನದವರು ರಾತ್ರಿಯೇ ಹೆಸರುಕಾಳು ಅಥವಾ ಕಡಲೆ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಒಂದು ಕಪ್ ಪಲ್ಯ ಮಾಡಿಕೊಳ್ಳಬಹುದು. ಮಧ್ಯಾಹ್ನ ಒಂದು ಕಪ್ ಅನ್ನ (ಬೆಂದ ಮೇಲೆ ಸುಮಾರು 150 ಗ್ರಾಂ, 200 ಕ್ಯಾಲರಿ), ಅದರಷ್ಟೇ ತರಕಾರಿ, ಒಂದು ಕಪ್ ಗಟ್ಟಿ ಬೇಳೆ ಅಥವಾ ಕಾಳು, ಇಲ್ಲವೇ ಎರಡು ತುಂಡು ಮೀನು, ಜೊತೆಗೆ ಮೊಸರು. ಸಾರಿನ ತಿಳಿಯಲ್ಲಿ ಅನ್ನ ಕಲಸಿ ಉಂಡರೆ ಹೊಟ್ಟೆ ತುಂಬಿದ ಹಾಗಾಗುತ್ತದೆ, ಎರಡು ಗಂಟೆಯಲ್ಲಿ ಮತ್ತೆ ಖಾಲಿ. ಬೇಳೆ ಸೌಟಿಗೆ ಹತ್ತುವಷ್ಟು ಗಟ್ಟಿ ಇರಲಿ.

ಇನ್ನು ಸಂಜೆ. ಮನೆಯ ಬಾಗಿಲು ತೆರೆಯುವ ಮೊದಲೇ ಏನಾದರೂ ತಿಂದಿರಬೇಕು, ಇಷ್ಟೇ ಉಪಾಯ. ನಾಲ್ಕೂಕಾಲಿಗೆ, ಕೆಲಸದ ಜಾಗದಿಂದ ಹೊರಡುವ ಮುಂಚೆ, ಬ್ಯಾಗಿನಲ್ಲಿಟ್ಟುಕೊಂಡು ಬಂದ 30 ಗ್ರಾಂ ಹುರಿಗಡಲೆ (ಒಂದು ದೊಡ್ಡ ಹಿಡಿ, 110 ಕ್ಯಾಲರಿ, ಆರು ಗ್ರಾಂ ಪ್ರೋಟೀನು) ಮತ್ತು ಒಂದು ಸೀಬೆ ಅಥವಾ ಕಿತ್ತಳೆ. ಬೇಯಿಸಿದ ಶೇಂಗಾ, ಒಂದು ಮೊಟ್ಟೆ ಕೂಡ ಆದೀತು. ಒಟ್ಟು 150ರಿಂದ 200 ಕ್ಯಾಲರಿ, ಜೊತೆಗೆ ಒಂದು ದೊಡ್ಡ ಲೋಟ ನೀರು. ಮನೆಗೆ ಬಂದು ತಿನ್ನುತ್ತೇನೆ ಅಂದುಕೊಂಡರೆ ಆ ಹುರಿಗಡಲೆ ಬ್ಯಾಗಿನಲ್ಲೇ ಉಳಿಯುತ್ತದೆ, ಕೈ ಮಿಕ್ಸ್ಚರ್ ಡಬ್ಬಿಗೆ ಹೋಗುತ್ತದೆ. ಭಾನುವಾರವೇ ಐದು ಸಣ್ಣ ಪೊಟ್ಟಣ ಕಟ್ಟಿಟ್ಟರೆ ವಾರದ ಕೆಲಸ ಮುಗಿಯಿತು.

ಇಷ್ಟಾದ ಮೇಲೂ ಬಾಯಿ ಕೇಳಿದರೆ ಅದು ಹಸಿವೋ ಚಪಲವೋ ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ: ಈಗ ಮಜ್ಜಿಗೆ ಅನ್ನ ಕೊಟ್ಟರೆ ಉಣ್ಣುತ್ತೀರಾ? ಹೌದಾದರೆ ಹಸಿವು, ಊಟವನ್ನೇ ಬೇಗ ಮಾಡಿ. ಮಿಕ್ಸ್ಚರೇ ಬೇಕು, ಬೇರೇನೂ ಬೇಡ ಅನ್ನಿಸಿದರೆ ಚಪಲ. ಸಾಮಾನ್ಯವಾಗಿ ಅದು ಹದಿನೈದು ಇಪ್ಪತ್ತು ನಿಮಿಷ ಏರಿ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತು ಅಡುಗೆಮನೆಯಿಂದ ಹೊರಗಿರಿ, ಮಕ್ಕಳ ಹೋಮ್‌ವರ್ಕ್ ಬೇರೆ ಕೋಣೆಯಲ್ಲಿ ಮಾಡಿಸಿ. ಹಾಗೂ ಬೇಕೇ ಅನ್ನಿಸಿದರೆ ಸಣ್ಣ ಬಟ್ಟಲಿಗೆ ಎರಡು ಚಮಚ ಹಾಕಿ, ಡಬ್ಬಿ ಮುಚ್ಚಿಟ್ಟು, ಕೂತು ತಿನ್ನಿ. ಡಬ್ಬಿಯಿಂದಲೇ ತಿಂದರೆ ಎಷ್ಟು ತಿಂದಿರಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ನಿಷೇಧ ಹಾಕಿಕೊಂಡವರು ಎರಡನೇ ವಾರ ಇಡೀ ಪೊಟ್ಟಣ ಮುಗಿಸುತ್ತಾರೆ. ಆಗ ಹತ್ತು ದಿನದ ಲೆಕ್ಕ ಒಂದೇ ಸಂಜೆಗೆ ನೀರಿಗೆ ಹೋಗುತ್ತದೆ. ಮಕ್ಕಳ ಬಿಸ್ಕತ್ತನ್ನು ಐದು ರೂಪಾಯಿಯ ಸಣ್ಣ ಪೊಟ್ಟಣದಲ್ಲೇ ತನ್ನಿ, ದೊಡ್ಡದು ಅಗ್ಗವಾದರೂ ಬೇಡ. ಗಾಜಿನ ಜಾಡಿ ಬಿಟ್ಟು ಸ್ಟೀಲ್ ಡಬ್ಬಿಯಲ್ಲಿ, ಮೇಲಿನ ಹಲಗೆಯಲ್ಲಿ ಇಡಿ.

ತಂದೆತಾಯಿಯರ ತೂಕದಲ್ಲಿ ಲೆಕ್ಕಕ್ಕೆ ಬಾರದ ಇನ್ನೊಂದು ಬಾಬತ್ತು ಮಕ್ಕಳ ತಟ್ಟೆ. ಮೂರು ತುತ್ತು ಅನ್ನ, ಅರ್ಧ ದೋಸೆ, ತಳದಲ್ಲುಳಿದ ಚಾಕಲೇಟು ಪುಡಿಯ ಹಾಲು. ಚೆಲ್ಲಲು ಮನಸ್ಸಾಗದೆ ಬಾಯಿಗೆ ಹೋಗುವ ಇದು ದಿನಕ್ಕೆ 150ರಿಂದ 200 ಕ್ಯಾಲರಿ ಆಗಿಬಿಡುತ್ತದೆ. ಮೊದಲ ಸಲ ಅರ್ಧ ಬಡಿಸಿ, ಕೇಳಿದರೆ ಮತ್ತೆ ಹಾಕಿ. ಉಳಿದದ್ದು ನಾಯಿಗೋ ಕೋಳಿಗೋ ಹೋಗಲಿ. ಕೊಡಗಿನ ಮನೆಗಳಲ್ಲಿ ಅದಕ್ಕೆ ಬರವಿಲ್ಲ.

ಕಾಫಿಯ ವಿಷಯಕ್ಕೆ ಬಂದರೆ, ಒಂದು ಲೋಟ ಬೆಲ್ಲದ ಕಾಫಿಗೆ 20 ಗ್ರಾಂ ಬೆಲ್ಲ ಬಿದ್ದರೆ 75 ಕ್ಯಾಲರಿ. ದಿನಕ್ಕೆ ನಾಲ್ಕು ಲೋಟ ಅಂದರೆ 300, ಅಂದರೆ ಒಂದೂವರೆ ಕಪ್ ಅನ್ನ. ಬೆಲ್ಲವಾದ್ದರಿಂದ ಪರವಾಗಿಲ್ಲ ಎಂಬ ನಂಬಿಕೆ ತೂಕದ ಮಟ್ಟಿಗೆ ನಡೆಯದು, ಸಕ್ಕರೆಗೂ ಅದಕ್ಕೂ ಕ್ಯಾಲರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವಾರಕ್ಕೆ ಐದು ಗ್ರಾಂನಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ, ಒಂದೇ ದಿನ ಬಿಟ್ಟರೆ ಹೊಂದುವುದಿಲ್ಲ. ಇನ್ನೊಂದು, ನಮ್ಮಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ ತಳಿಯ ಕಾಫಿ. ಅದರಲ್ಲಿ ಇನ್ನೊಂದು ತಳಿಯಾದ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಅರ್ಧ ಕೆಫೀನ್ ಮೈಯಿಂದ ಹೋಗಲು ಐದಾರು ಗಂಟೆ ಬೇಕು. ಸಂಜೆ ಆರಕ್ಕೆ ಗಟ್ಟಿ ಕಾಫಿ ಕುಡಿದು ರಾತ್ರಿ ಹನ್ನೊಂದಕ್ಕೆ ನಿದ್ದೆ ಬಾರದಿದ್ದರೆ ಆಶ್ಚರ್ಯವೇನಿಲ್ಲ. ನಿದ್ದೆಗೆಟ್ಟ ಮರುದಿನ ಹಸಿವಿನ ಹಾರ್ಮೋನು ಏರಿ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನು ತಗ್ಗುತ್ತದೆ; ಸಿಹಿ, ಕರಿದದ್ದು ಹೆಚ್ಚು ಬೇಕೆನಿಸುತ್ತದೆ. ಕೊನೆಯ ಕಾಫಿ ಮೂರು ಗಂಟೆಗೆ ಮುಗಿಯಲಿ.

ಮನೆಮಂದಿಗೆಲ್ಲ ಒಂದೇ ಅಡುಗೆ ಇರಲಿ. ಬದಲಾಗಬೇಕಾದದ್ದು ತಟ್ಟೆಯಲ್ಲಿನ ಪಾಲು. ಪಂದಿಕರಿಯನ್ನೇ (ಹಂದಿ ಮಾಂಸದ ಕರಿ) ತೆಗೆದುಕೊಳ್ಳಿ. ಕೊಬ್ಬಿನ ಪದರವಿರುವ ಹಸಿ ಮಾಂಸ 100 ಗ್ರಾಂಗೆ 500 ಕ್ಯಾಲರಿ ತನಕ ಹೋಗುತ್ತದೆ. ಕೊಬ್ಬು ತೆಗೆದ ತುಂಡು 150ರ ಆಸುಪಾಸು. ಅಂಗಡಿಯಲ್ಲೇ ಅರ್ಧಕ್ಕರ್ಧ ಕೇಳಿ ತನ್ನಿ. ಕೊಬ್ಬು ಪೂರ್ತಿ ಇಲ್ಲದಿದ್ದರೆ ಕರಿ ಒಣಗಿ ನಾರಾಗುತ್ತದೆ, ರುಚಿಯೂ ಇಲ್ಲ. ಬೇಯಿಸುವಾಗ ಎಣ್ಣೆ ಹಾಕಲೇಬೇಡಿ, ಮಾಂಸವೇ ಸಾಕಷ್ಟು ಬಿಡುತ್ತದೆ. ಶನಿವಾರ ರಾತ್ರಿಯೇ ಕಾಚಂಪುಳಿ (ಹುಳಿ ಹಣ್ಣಿನ ರಸ ಬತ್ತಿಸಿ ಮಾಡುವ ಕಪ್ಪು ಹುಳಿ), ಹುರಿದ ಮಸಾಲೆ ಹಾಕುವ ತನಕದ ಕೆಲಸ ಮುಗಿಸಿ, ಆರಿದ ಮೇಲೆ ಫ್ರಿಜ್ಜಿಗಿಡಿ. ಬೆಳಿಗ್ಗೆ ತೆರೆದರೆ ಮೇಲೆ ಬಿಳಿಯ ಗಟ್ಟಿ ಪದರ ಕೂತಿರುತ್ತದೆ, ಅಂಚಿನಲ್ಲಿ ಮಸಾಲೆಯ ಕಪ್ಪು ಗೆರೆ. ಚಮಚದ ಬೆನ್ನು ಒತ್ತಿ ಅದನ್ನು ಹಾಳೆಯಂತೆ ಎತ್ತಿ ತೆಗೆಯಬಹುದು. ದೊಡ್ಡ ಚಮಚವೊಂದಕ್ಕೆ (15 ಗ್ರಾಂ) 135 ಕ್ಯಾಲರಿ ಹೋಯಿತು. ಮುಕ್ಕಾಲು ಭಾಗ ತೆಗೆದು ಉಳಿದದ್ದರಲ್ಲಿ ಬಿಸಿ ಮಾಡಿ. ಪಂದಿಕರಿ ಮರುದಿನಕ್ಕೇ ರುಚಿ ಎಂಬುದು ಹೇಗೂ ಎಲ್ಲರಿಗೂ ಗೊತ್ತು.

ಅದರ ಜೊತೆಯ ಕಡಂಬುಟ್ಟಿಗೆ (ಆವಿಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಒಂದು ಕಪ್ ಅಕ್ಕಿ ತರಿ ಸುಮಾರು 160 ಗ್ರಾಂ, 560 ಕ್ಯಾಲರಿ. ಎಂಟು ಉಂಡೆ ಕಟ್ಟಿದರೆ ಒಂದಕ್ಕೆ 70, ಆರು ಕಟ್ಟಿದರೆ 93. ಮೂರು ಸಣ್ಣ ಉಂಡೆ ನಿಮ್ಮ ಪಾಲು. ಮೇಲೆ ತುಪ್ಪ ಬೇಕಿದ್ದರೆ ಒಂದು ಟೀ ಚಮಚ, 45 ಕ್ಯಾಲರಿ. ತಟ್ಟೆಯ ಉಳಿದರ್ಧ ಬೈಂಬಳೆ (ಕಳಲೆ), ಬೀನ್ಸ್, ಸೊಪ್ಪಿನಿಂದ ತುಂಬಲಿ. ನೂಲ್‌ಪುಟ್ಟಿಗೂ (ಅಕ್ಕಿ ಶಾವಿಗೆ) ಇದೇ ಲೆಕ್ಕ. ಪಾಪುಟ್ಟಿಗೆ (ಆವಿಯಲ್ಲಿ ಬೇಯಿಸಿದ ಅಕ್ಕಿ ತರಿಯ ತಿಂಡಿ) ಹಾಲು, ತೆಂಗಿನಕಾಯಿ ಬೀಳುವುದರಿಂದ ಒಂದು ತುಂಡಿಗೇ ನಿಲ್ಲಿಸಿ.

ತೋಟದ ಬೆಣ್ಣೆಹಣ್ಣು ಒಳ್ಳೆಯದೇ, ಆದರೆ ತಿರುಳು 100 ಗ್ರಾಂಗೆ 160 ಕ್ಯಾಲರಿ. ದೊಡ್ಡ ಹಣ್ಣೊಂದನ್ನು ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡಿದರೆ ಲೋಟಕ್ಕೆ ಒಂದು ಊಟದಷ್ಟಾಗುತ್ತದೆ. ಅರ್ಧ ಹಣ್ಣಿಗೆ ಉಪ್ಪು, ಕಾಳುಮೆಣಸು, ನಿಂಬೆರಸ ಸಾಕು.

ಕಾಚಂಪುಳಿ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಆ ಹಣ್ಣಿನಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇರುವುದು ನಿಜ. ಗಾರ್ಸೀನಿಯಾ ಹೆಸರಿನಲ್ಲಿ ಅದರ ಮಾತ್ರೆ ಮಾರುವುದೂ ನಿಜ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಮಾತ್ರೆ ನುಂಗಿದ ಕೆಲವರಿಗೆ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದದ್ದು ವೈದ್ಯಕೀಯ ವರದಿಗಳಲ್ಲಿದೆ. ಕರಿಗೆ ಹಾಕುವ ಒಂದೆರಡು ಚಮಚದಿಂದ ತೊಂದರೆಯಿಲ್ಲ. ನೀರಿಗೆ ಬೆರೆಸಿ ದಿನವೂ ಕುಡಿದರೆ ಹಲ್ಲಿನ ಹೊಳಪು ಸವೆದೀತು, ಅಷ್ಟೇ ಲಾಭ.

ಗುರಿ ಎಷ್ಟಿರಬೇಕು? ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸುಮಾರು 28.8. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ಒಳಗಿರಬೇಕು. ಮೊದಲು ನಾಲ್ಕೈದು ಕೆ.ಜಿ. ಮಾತ್ರ ಗುರಿ ಇಟ್ಟುಕೊಳ್ಳಿ. ರಕ್ತದೊತ್ತಡ, ಸಕ್ಕರೆ ಅಷ್ಟಕ್ಕೇ ಸುಧಾರಿಸಲು ಶುರುವಾಗುತ್ತವೆ. ದಿನಕ್ಕೆ 400ರಿಂದ 500 ಕ್ಯಾಲರಿ ತಗ್ಗಿದರೆ ವಾರಕ್ಕೆ ಅರ್ಧ ಕೆ.ಜಿ.ಯ ಹತ್ತಿರ ಇಳಿಯಬೇಕು. ಮೊದಲ ವಾರ ಒಂದೂವರೆ ಕೆ.ಜಿ. ಇಳಿದರೆ ಹಿಗ್ಗಬೇಡಿ, ಹೆಚ್ಚಿನದು ನೀರು. ಮೂರನೇ ವಾರ ಮುಳ್ಳು ನಿಂತರೆ ಕುಗ್ಗಲೂ ಬೇಡಿ: ಮುಟ್ಟಿನ ಮೊದಲ ದಿನಗಳಲ್ಲಿ, ಒಣಮೀನು ಉಪ್ಪಿನಕಾಯಿ ತಿಂದ ಮರುದಿನ ಒಂದೆರಡು ಕೆ.ಜಿ. ನೀರು ನಿಲ್ಲುವುದು ಮಾಮೂಲು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಶೌಚ ಮುಗಿಸಿ ತೂಗಿ, ಸರಾಸರಿ ಬರೆದಿಡಿ. ತಕ್ಕಡಿ ಒಂದೇ ಜಾಗದಲ್ಲಿರಲಿ. ಹಳೆಯ ಮನೆಗಳ ಕಾವಿ ನೆಲ ಸಮ ಇರುವುದಿಲ್ಲ, ಒಂದಡಿ ಆಚೆ ಸರಿಸಿದರೆ ಅಂಕಿಯೂ ಬೇರೆ ಬರುತ್ತದೆ.

ನಾಲ್ಕು ವಾರದ ಸರಾಸರಿಯೂ ಅಲುಗದಿದ್ದರೆ ಎಣ್ಣೆ ಡಬ್ಬಿ ನೋಡಿ. ನಾಲ್ವರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಆಗುತ್ತಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ, 275 ಕ್ಯಾಲರಿ. ಎರಡೂವರೆ ಲೀಟರಿಗೆ ಇಳಿಸಿದರೆ ಯಾರೂ ಗಮನಿಸದೆ ಪ್ರತಿಯೊಬ್ಬರಿಗೂ ನೂರು ಕ್ಯಾಲರಿ ಕಡಿಮೆ. ಕ್ಯಾನಿನಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿದರೆ ಸಾಕು.

ವ್ಯಾಯಾಮವಿಲ್ಲದೆಯೂ ತೂಕ ಇಳಿಯುತ್ತದೆ, ಆದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಜಿಮ್ ಬೇಡ. ವಾರಕ್ಕೆ ಮೂರು ದಿನ, ಅನ್ನ ಬೇಯುವ ಹೊತ್ತಿನಲ್ಲಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹನ್ನೆರಡು ಸಲ, ಗೋಡೆಗೆ ಕೈಕೊಟ್ಟು ದಂಡ ಹತ್ತು ಸಲ, ಐದು ಲೀಟರ್ ನೀರಿನ ಕ್ಯಾನ್ ಸೊಂಟದಿಂದ ಎದೆಗೆ ಎತ್ತುವುದು ಹತ್ತು ಸಲ, ಮೂರು ಸುತ್ತು. ಹದಿನೈದು ನಿಮಿಷ ಸಾಕು. ಮಧ್ಯಾಹ್ನ ಊಟದ ಮೇಲೆ ಹತ್ತು ನಿಮಿಷ ನಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ನಡೆಯುವ ಯೋಜನೆ ಮಳೆಯಲ್ಲಿ ಕೊಚ್ಚಿಹೋಗುತ್ತದೆ, ಜಿಗಣೆ ಬೇರೆ. ಆಗ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯಿರಿ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆಯವರು ನಸುಕಿನ ಕತ್ತಲೆಯಲ್ಲಿ ವಾಕಿಂಗ್ ಹೋಗಲೇಬೇಡಿ. ಆನೆ ತೋಟದಿಂದ ರಸ್ತೆಗಿಳಿಯುವ ಹೊತ್ತು ಅದು.

ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು, ಮನೆಯ ಮದುವೆಗಳ ದಿನ ಲೆಕ್ಕ ಬೇಡ. ಒಂದು ದಿನದ ಊಟದಿಂದ ತೂಕ ಕೆಡುವುದಿಲ್ಲ, ಉಳಿದ ಸಿಹಿ ಫ್ರಿಜ್ಜಿನಲ್ಲಿ ವಾರವಿಡೀ ಕೂತರೆ ಕೆಡುತ್ತದೆ. ಮರುದಿನ ಬೆಳಿಗ್ಗೆಯೇ ಹಂಚಿಬಿಡಿ.

ಕೊನೆಗೆ, ಯಾರು ಇದನ್ನು ತಾವಾಗಿಯೇ ಶುರುಮಾಡಬಾರದು ಎಂಬುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸಿದರೆ ಸಕ್ಕರೆ ಹಠಾತ್ತನೆ ಕುಸಿಯಬಹುದು. ಔಷಧದ ಪ್ರಮಾಣವನ್ನು ವೈದ್ಯರು ಮೊದಲು ಬದಲಿಸಬೇಕು. ಎದೆಹಾಲು ಕುಡಿಸುವವರಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚೇ ಬೇಕು, ಆಗ ಪಥ್ಯದ ಮಾತೇ ಬೇಡ. ಮುಟ್ಟು ಏರುಪೇರಾಗಿ, ಸುಸ್ತು ಹೆಚ್ಚಿ, ಊಟ ಬದಲಾಗದೆಯೂ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಿಪಿ, ಸಕ್ಕರೆ ಪರೀಕ್ಷೆ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.